ಹೂಂರಾಯರ ಪಾಲಿಗೆ ಬಿದ್ದ ಬಿಗೋನಿಯ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವ ಕೆಲಸಕ್ಕೆ ಬಂದವರೆಲ್ಲ ವರ್ಷ ತುಂಬುವುದರೊಳಗೆ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡು ಓಡಿಹೋಗುತ್ತಿದ್ದರು. ಓಡದೆ ಉಳಿದವರು ಹೂಂರಾಯರು ಒಬ್ಬರೇ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರಲ್ಲಿ ಹುಳ ಕಂಡವರು, ಪೈಪು ಒಡೆದು ನಡುಮನೆಯಲ್ಲಿ ಹೊಳೆ ಹರಿಸಿಕೊಂಡವರು, ಎಲ್ಲರೂ ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದರು. ರಾಯರು ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಉಗುರು ಕತ್ತರಿಸಿಕೊಳ್ಳುತ್ತಾ, ಮಾತು ಉಸಿರೆಳೆದುಕೊಂಡ ಕಡೆಯಲ್ಲೆಲ್ಲ "ಹೂಂ" ಅನ್ನುತ್ತಿದ್ದರು. ಕೂಗಿದವರಿಗೆ ಯಾರೋ ಕೇಳಿಸಿಕೊಂಡರಲ್ಲ ಎಂಬ ಸಮಾಧಾನ. ರಾಯರಿಗೆ ಒಂದಕ್ಷರವೂ ಕೇಳಿಸಿಕೊಳ್ಳದ ಸಮಾಧಾನ. ಇದಕ್ಕಿಂತ ತಕ್ಕ ಮನುಷ್ಯ ಇಲಾಖೆಗೆ ಸಿಗುವುದುಂಟೆ? ಅವರ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಕಷ್ಟವೆಂದರೆ, ಹೊಟ್ಟೆಗೆ ಅನ್ನ ಕೊಟ್ಟ ಈ ವಿದ್ಯೆಯನ್ನು ಅವರು ಮನೆಗೂ ತಂದದ್ದು.

ಒಂದು ಭಾನುವಾರ ಬೆಳಿಗ್ಗೆ ರಾಯರು ಪತ್ರಿಕೆ ಹಿಡಿದು ಕೂತಿದ್ದರು. ಹೆಂಡತಿ ಎದುರಿಗೆ ಬಂದು ನಿಂತು ಏನೋ ಹೇಳಲು ಶುರು ಮಾಡಿದಳು. ಸಾಕಷ್ಟು ಹೊತ್ತೇ ಹೇಳಿದಳು. ರಾಯರು ಮಾತಿನ ಏರಿಳಿತ ನೋಡಿಕೊಂಡು ತಕ್ಕ ಜಾಗಗಳಲ್ಲಿ "ಹೂಂ" ಅಂದರು. ಒಂದು ಸಲ ಆಕೆ ಬಹಳ ಹೊತ್ತು ಸುಮ್ಮನಾದಾಗ ಎರಡು ಸಲ "ಹೂಂ, ಹೂಂ" ಅಂದು ಧಾರಾಳತನವನ್ನೂ ತೋರಿಸಿದರು. ಆಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು. ರಾಯರು ಪುಟ ತಿರುಗಿಸಿದರು.

ಹೊಟ್ಟೆ ಚುರುಗುಟ್ಟಿದಾಗಲೇ ಅವರು ತಲೆ ಎತ್ತಿದ್ದು. ಕೂಗಿದರು. ಉತ್ತರವಿಲ್ಲ. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು. ಮಂಚದ ಕೆಳಗಿನ ದೊಡ್ಡ ಬ್ಯಾಗ್ ಇರಲಿಲ್ಲ. ಗೋಡೆಯ ಮೊಳೆಯಲ್ಲಿ ಆಕೆಯ ಕೊಡೆಯೂ ಇರಲಿಲ್ಲ. ಮೋಡದ ಸುಳಿವೇ ಇಲ್ಲದ ದಿನ ಕೊಡೆಯನ್ನೂ ತೆಗೆದುಕೊಂಡು ಹೋದವಳು ಸಂಜೆಗೆ ಬರುವವಳಲ್ಲ ಎಂಬಷ್ಟು ರಾಯರಿಗೂ ಹೊಳೆಯಿತು.

ಆದರೆ ಎಲ್ಲಿಗೆ ಹೋದಳು? ಎಷ್ಟು ದಿನಕ್ಕೆ? ಹೇಳಿಯೇ ಹೋಗಿದ್ದಾಳೆ, ಅದರಲ್ಲಿ ಸಂಶಯವಿಲ್ಲ. ರಾಯರು ಕಣ್ಣು ಮುಚ್ಚಿ, ಕಿವಿಯ ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ಕೆದಕಿದರು. "ಅಕ್ಕ" ಎಂಬ ಮಾತು ಸಿಕ್ಕಿತು. "ಗಿಡ" ಸಿಕ್ಕಿತು. "ನೀರು" ಸಿಕ್ಕಿತು. ಕಡೆಗೆ "ಸಾಕು" ಎಂಬುದೊಂದು ಸಿಕ್ಕಿತು. ಗಿಡ ಸಾಕು ಅಂದಳೋ? ಹಾಗಿದ್ದರೆ "ಸಾಕಿ" ಅನ್ನಬೇಕಿತ್ತು. ಆಕೆ ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. ನೀರು ಸಾಕು ಅಂದಳೋ? ಅಥವಾ ಬೇರೆ ಇನ್ನೇನಾದರೂ ಸಾಕಾಗಿತ್ತೋ? ಅಲ್ಲಿಗೆ ರಾಯರು ಕೆದಕುವುದನ್ನು ನಿಲ್ಲಿಸಿದರು.

ಮರುದಿನ ಧೈರ್ಯ ಮಾಡಿ, ಊರಿನ ಆ ತುದಿಯಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಫೋನ್ ಮಾಡಿದರು. ಅಕ್ಕನೇ ಎತ್ತಿಕೊಂಡಳು.

"ಅವಳು ಇಲ್ಲೇ ಇದ್ದಾಳೆ. ಮಾತಾಡೋ ಹಾಗಿಲ್ಲ. ಎಲ್ಲಾ ವಿವರವಾಗಿ ಹೇಳಿ ಬಂದಿದ್ದೀನಿ ಅಂದಳಲ್ಲ?"

"ಹೂಂ," ಅಂದರು ರಾಯರು.

"ನೀವು ಎಲ್ಲದಕ್ಕೂ ಒಪ್ಪಿಕೊಂಡ್ರಂತೆ?"

"ಹೂಂ."

"ಮತ್ತೆ ಈಗ ಫೋನ್ ಯಾಕೆ ಮಾಡಿದ್ರಿ?"

ಇದಕ್ಕೆ "ಹೂಂ" ಎಂಬ ಉತ್ತರ ಹೊಂದುವುದಿಲ್ಲವೆಂದು ತಿಳಿದು ರಾಯರು ರಿಸೀವರ್ ಇಟ್ಟುಬಿಟ್ಟರು. ತಾವು ಯಾವುದಕ್ಕೆ ಒಪ್ಪಿಕೊಂಡೆವೆಂದು ಕೇಳಿದರೆ ಕೇಳಿಸಿಕೊಂಡಿಲ್ಲ ಎಂಬುದು ಬಯಲಾಗುತ್ತದೆ. ಕೇಳದಿದ್ದರೆ ತಿಳಿಯುವುದಿಲ್ಲ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ.

ಮನೆಯಲ್ಲಿ ಹೆಂಡತಿಯ ಗುರುತಾಗಿ ಉಳಿದದ್ದು ಬಾಲ್ಕನಿಯ ಗಿಡಗಳು. ಮೂರನೇ ಮಹಡಿಯ ಆ ಗೇಣಗಲದ ಜಾಗದಲ್ಲಿ ಆಕೆ ಬಣ್ಣದ ಡಬ್ಬ, ಹಿಡಿ ಮುರಿದ ಬಕೆಟ್ಟು, ಬಿರುಕು ಬಿಟ್ಟ ಕೈತೊಳೆಯುವ ತೊಟ್ಟಿ, ಸಿಕ್ಕಿದ್ದರಲ್ಲೆಲ್ಲ ಬಿಗೋನಿಯ ಬೆಳೆಸಿದ್ದಳು. ಕೆಲವಕ್ಕೆ ಮೇಣ ಹಚ್ಚಿದಂತೆ ಹೊಳೆಯುವ ಪುಟ್ಟ ಎಲೆ, ವರ್ಷವಿಡೀ ನಸುಗೆಂಪು ಹೂ. ಕೆಲವಕ್ಕೆ ಹೂವಿನ ಗೊಡವೆಯೇ ಇಲ್ಲ. ಆನೆಕಿವಿಯಂಥ ಎಲೆ, ನಡುವೆ ಬೆಳ್ಳಿ ಬಳಿದ ಹಾಗೆ, ಅಂಚಿಗೆ ಕಡುಗೆಂಪು. ಇಷ್ಟು ವರ್ಷ ರಾಯರು ಅವುಗಳ ನಡುವೆ ಹಾದುಹೋಗಿ ಟವೆಲು ಒಣಹಾಕಿದ್ದರೇ ಹೊರತು ಕಣ್ಣಿಟ್ಟು ನೋಡಿದವರಲ್ಲ. ಈಗ ಅವರ ಮನಸ್ಸಿಗೆ ಒಂದು ಲೆಕ್ಕಾಚಾರ ಹೊಕ್ಕಿತು: ಗಿಡ ಬಿಟ್ಟು ಹೋದವಳು ಗಿಡಕ್ಕಾಗಿ ಬಂದೇ ಬರುತ್ತಾಳೆ. ಬಂದಾಗ ಗಿಡ ನಳನಳಿಸುತ್ತಿರಬೇಕು. ನಳನಳಿಸಬೇಕಾದರೆ ನೀರು ಬೇಕು. ನೀರಿನ ವಿಷಯದಲ್ಲಿ ಇಲಾಖೆಯ ಮನುಷ್ಯನಿಗೆ ಯಾರು ಹೇಳಿಕೊಡಬೇಕು?

ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಸುರಿದರು. ಎರಡನೇ ವಾರ ಕೆಳಮನೆಯಾಕೆ ಮೆಟ್ಟಿಲು ಹತ್ತಿ ಬಂದಳು. ಇಡೀ ಕಟ್ಟಡದಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದನ್ನು ತಿಳಿದಿರುವ ಹೆಂಗಸು.

"ರಾಯರೇ, ನಿಮ್ಮ ಕುಂಡದ ನೀರು ನನ್ನ ಒಗೆದ ಬಟ್ಟೆ ಮೇಲೆ ಸೋರ್ತಾ ಇದೆ. ಕೆಂಪು ನೀರು! ನಮ್ಮ ಯಜಮಾನ್ರ ಬಿಳಿ ಶರಟು ಈಗ ಕೊಲೆ ಮಾಡಿ ಬಂದವರ ಶರಟಿನ ಹಾಗಿದೆ. ನಿಮ್ಮನೆಯವರು ಕಾಣ್ತಾ ಇಲ್ಲವಲ್ಲ?"

"ವಿಶ್ರಾಂತಿ ತಗೋತಾ ಇದ್ದಾಳೆ," ಅಂದರು ರಾಯರು. ಅದು ಪೂರ್ತಿ ಸುಳ್ಳೂ ಅಲ್ಲ.

ನೀರು ಸೋರುವುದು ಎಲ್ಲಿಂದ ಎಂದು ಹುಡುಕಿದರೆ, ಪ್ರತಿಯೊಂದು ಡಬ್ಬದ ತಳದಲ್ಲೂ ತೂತು! ಹೆಂಡತಿ ಇಂಥ ತೂತು ಡಬ್ಬಗಳಲ್ಲಿ ಹೇಗೆ ಗಿಡ ಬೆಳೆಸುತ್ತಿದ್ದಳೋ ಎಂದು ರಾಯರು ಮರುಗಿದರು. ಮೇಣದ ಬತ್ತಿ ಕರಗಿಸಿ ಒಂದೊಂದೇ ತೂತನ್ನು ಭದ್ರವಾಗಿ ಮುಚ್ಚಿದರು. ಸೋರುವುದು ನಿಂತಿತು. ನೆಮ್ಮದಿಯಿಂದ ಇನ್ನೊಂದು ಕೊಡ ಸುರಿದರು.

ಮುಂದಾದದ್ದನ್ನು ಹೇಳಿದರೆ ಗಿಡದ ಪರಿಚಯವಿರುವವರಿಗೆ ಸಂಕಟವಾಗುತ್ತದೆ. ಎಲೆಗಳು ಹಳದಿಗೆ ತಿರುಗಿದವು. ಹೂಗಳು ಮೊಗ್ಗಿನಲ್ಲೇ ಉದುರಿದವು. ಆನೆಕಿವಿಗಳು ಒದ್ದೆ ಬಟ್ಟೆಯಂತೆ ಅಂಚಿಗೆ ಜೋತುಬಿದ್ದವು. ಬಾಯಾರಿರಬೇಕೆಂದು ರಾಯರು ಮತ್ತಷ್ಟು ನೀರು ಹಾಕಿದರು. ಒಂದು ಬೆಳಿಗ್ಗೆ ಬಕೆಟ್ಟಿನ ದೊಡ್ಡ ಗಿಡವನ್ನು ಮುಟ್ಟಿದರೆ ಬುಡ ಕೈಗೆ ಮೆತ್ತಗೆ ಬಂದುಬಿಟ್ಟಿತು.

ರಾಯರು ಕಚೇರಿಗೆ ಹೋದವರೇ, ಬೆವರುತ್ತಾ, ಸಸಿ ಮಾರುವ ನರ್ಸರಿಯೊಂದಕ್ಕೆ ಫೋನ್ ಹಚ್ಚಿದರು. ಹೂಂರಾಯರು ತಾವಾಗಿ ಫೋನ್ ಮಾಡಿ ಇಷ್ಟು ಮಾತಾಡಿದ್ದನ್ನು ಕಚೇರಿ ಎಂದೂ ಕಂಡಿರಲಿಲ್ಲ. ಪಕ್ಕದ ಮೇಜಿನ ಟೈಪಿಸ್ಟಮ್ಮನ ಬೆರಳುಗಳು ತಮ್ಮಷ್ಟಕ್ಕೆ ನಿಂತವು.

"ನಂದಲ್ಲ ಸ್ವಾಮಿ, ಹೆಂಡತಿದು... ಹೌದು, ಬುಡದಿಂದ ಕೊಳೀತಾ ಬಂದಿದೆ... ಕಪ್ಪಗಾಗಿಬಿಟ್ಟಿದೆ. ಒತ್ತಿದ್ರೆ ನೀರು ಬರತ್ತೆ. ವಾಸನೆಯೂ ಇದೆ... ಕತ್ತರಿಸಲೇಬೇಕಾ?... ಎಲ್ಲಿಗೆ? ಗಿಣ್ಣಿನ ಕೆಳಗಾ?"

ಟೈಪಿಸ್ಟಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಮನೆಯಲ್ಲೇ ಮಾಡಬಹುದಾ?... ಬ್ಲೇಡ್ ಇದೆ. ನನ್ನ ಶೇವಿಂಗ್ ಬ್ಲೇಡು... ಬಿಸಿನೀರಲ್ಲಿ ತೊಳೀತೀನಿ... ಕೊಳೆತ ಭಾಗ ಬಿಸಾಕಿಬಿಡಲಾ? ಆಗಲಿ. ಉಳಿದದ್ದನ್ನ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಬಾಲ್ಕನಿಯಲ್ಲಿ ಇಡ್ತೀನಿ."

ರಿಸೀವರ್ ಇಟ್ಟು ರಾಯರು ಮುಖ ಒರೆಸಿಕೊಂಡರು. ತಿರುಗಿ ನೋಡಿದರೆ ಟೈಪಿಸ್ಟಮ್ಮನ ಕುರ್ಚಿ ಖಾಲಿ. ಆಕೆ ಆಗಲೇ ಸಾಹೇಬರ ಕೋಣೆಯಲ್ಲಿದ್ದಳು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಇಲ್ಲಿ ಹೋದದ್ದೇ ಹುಲಿಯಂತೆ ಕೇಳಿಸಿತ್ತು, ಪಾಪ, ಅವಳದೇನು ತಪ್ಪು? ಸಂಜೆಯೊಳಗೆ ಇಡೀ ಇಲಾಖೆಗೆ ಸುದ್ದಿ ಮುಟ್ಟಿತು: ಹೂಂರಾಯರ ಹೆಂಡತಿಗೆ ಕಾಲು ಕೊಳೆತಿದೆ, ಆಸ್ಪತ್ರೆಗೆ ಕೊಡಲು ಕಾಸಿಲ್ಲ, ಡಾಕ್ಟರು ಫೋನಿನಲ್ಲಿ ಹೇಳಿದಂತೆ ರಾಯರೇ ಕತ್ತರಿಸುತ್ತಾರೆ.

ಮರುದಿನ ಸಾಹೇಬರು ರಾಯರನ್ನು ಒಳಗೆ ಕರೆದು, ಎಂದೂ ಕೂರಿಸದವರು ಕೂರಿಸಿದರು. ಸಾಹೇಬರು ಬೆರಳಿಗೆ ಸೂಜಿ ಚುಚ್ಚಿದರೂ ಮುಖ ತಿರುಗಿಸಿಕೊಳ್ಳುವ ಸ್ವಭಾವದವರು.

"ನನಗೆ ಎಲ್ಲಾ ಗೊತ್ತಾಯ್ತು," ಅಂದರು. "ಕತ್ತರಿಸಿ... ಕತ್ತರಿಸಿ ಆಯ್ತೇನ್ರೀ?"

"ಆಯ್ತು ಸಾರ್, ನಿನ್ನೆ ಸಂಜೆ." ತಮ್ಮ ಗಿಡದ ಸುದ್ದಿ ಸಾಹೇಬರವರೆಗೆ ಹೋಗಿದೆಯಲ್ಲ ಎಂದು ರಾಯರಿಗೆ ಆಶ್ಚರ್ಯವೂ ಆಯಿತು, ಮನಸ್ಸೂ ತುಂಬಿಬಂತು.

"ನೀವೇನಾ?"

"ನಾನೇ ಸಾರ್. ಎರಡು ಸಲ ಬ್ಲೇಡ್ ಜಾರಿತು."

ಸಾಹೇಬರು ಮೇಜಿನ ಅಂಚು ಹಿಡಿದುಕೊಂಡರು. "ಈಗ ಹೇಗಿದೆ?"

"ಉಳಿಯೋದು ಕಷ್ಟ ಸಾರ್. ನನ್ನದೇ ತಪ್ಪು. ಎಷ್ಟು ವರ್ಷದಿಂದ ಕಣ್ಣೆದುರಿಗೇ ಇತ್ತು, ಒಂದು ದಿನ ಸರಿಯಾಗಿ ನೋಡಲಿಲ್ಲ." ಒಂದು ಬಿಗೋನಿಯಕ್ಕಾಗಿ ಮೇಲಧಿಕಾರಿಯ ಮುಂದೆ ಕೂತು ಅತ್ತ ನೌಕರ ಆ ಇಲಾಖೆಯ ಚರಿತ್ರೆಯಲ್ಲಿ ಅವರೊಬ್ಬರೇ. ಸಾಹೇಬರೂ ಕನ್ನಡಕ ತೆಗೆದು ಒರೆಸಿಕೊಂಡು, ಒಂದು ವಾರ ರಜೆ ಅಂದರು.

ರಜೆಯ ಮೊದಲ ದಿನವೇ ಬಾಗಿಲು ಬಡಿದ ಸದ್ದಾಯಿತು. ಸಾಹೇಬರು, ಟೈಪಿಸ್ಟಮ್ಮ, ಹಣ್ಣಿನ ಚೀಲ ಹಿಡಿದ ಜವಾನ. ಬರುವಾಗ ಮನೆ ಯಾವುದೆಂದು ಕೆಳಮನೆಯಾಕೆಯನ್ನು ಕೇಳಿದ್ದರು, ಕಾರಣವನ್ನೂ ಹೇಳಿದ್ದರು. ಆಕೆ ಬಾಯಿಗೆ ಕೈ ಹಿಡಿದುಕೊಂಡು ಒಳಗೆ ಓಡಿ, ತುರ್ತಿಗಿರಲಿ ಎಂದು ರಾಯರ ಹೆಂಡತಿ ಎಂದೋ ಕೊಟ್ಟಿದ್ದ ಅಕ್ಕನ ಮನೆಯ ನಂಬರಿಗೆ ಫೋನ್ ಮಾಡಿ, "ಬೇಗ ಬನ್ನಿ, ಕಾಲು ಕತ್ತರಿಸಿಬಿಟ್ಟಿದ್ದಾರಂತೆ, ಮನೆ ತುಂಬ ಜನ ಸೇರಿದ್ದಾರೆ" ಎಂದಷ್ಟೇ ಕೂಗಿ ಮೇಲಕ್ಕೆ ಹತ್ತಿ ಬಂದಿದ್ದಳು.

ಬಂದವರು ಪಿಸುಮಾತಿನಲ್ಲಿ ಕೂತರು. ರಾಯರು ಟೀ ಮಾಡಲು ಹೋದರು. ಟೀಪುಡಿ ಸಿಕ್ಕಿದರೆ ಸಕ್ಕರೆ ಇಲ್ಲ, ಸಕ್ಕರೆ ಅಂದುಕೊಂಡು ಹಾಕಿದ್ದು ಉಪ್ಪು. ಅದನ್ನು ಚೆಲ್ಲಿ ಮತ್ತೆ ಕಾಯಿಸಿ ತಂದುಕೊಡುವ ಹೊತ್ತಿಗೆ ನಡುಮಧ್ಯಾಹ್ನ ಕಳೆದಿತ್ತು. ಇಂಥ ಸ್ಥಿತಿಯಲ್ಲೂ ಟೀ ಕೊಟ್ಟರಲ್ಲ ಎಂದು ಟೈಪಿಸ್ಟಮ್ಮ ಕಣ್ಣೊತ್ತಿಕೊಂಡಳು.

"ನೋಡಬಹುದಾ?" ಎಂದರು ಸಾಹೇಬರು, ನೋಡುವ ಇಷ್ಟ ಒಂದಿಷ್ಟೂ ಇಲ್ಲದ ದನಿಯಲ್ಲಿ.

"ಬನ್ನಿ ಸಾರ್, ಬಾಲ್ಕನಿಯಲ್ಲಿ ಮಲಗಿಸಿದ್ದೀನಿ."

"ಬಾಲ್ಕನಿಯಲ್ಲಾ!" ಎಂದಳು ಕೆಳಮನೆಯಾಕೆ.

ಸಾಹೇಬರು ಕಣ್ಣು ಮುಚ್ಚಿ ಜವಾನನ ತೋಳು ಹಿಡಿದು ನಡೆದರು. ರಾಯರು ಒಂದು ಬಣ್ಣದ ಡಬ್ಬದ ಮೇಲಿನ ಪ್ಲಾಸ್ಟಿಕ್ ಚೀಲವನ್ನು ಮೆಲ್ಲಗೆ ಎತ್ತಿದರು. ಒಳಗೆ, ಹಬೆ ಕಟ್ಟಿದ ಮಣ್ಣಿನಲ್ಲಿ, ಎರಡೆಲೆಯ ಒಂದು ತುಂಡು ಓರೆಯಾಗಿ ನಿಂತಿತ್ತು.

"ಇದೇ," ಅಂದರು ರಾಯರು.

ಸಾಹೇಬರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. "ಇದು ಗಿಡ."

"ಹೌದು ಸಾರ್. ಬಿಗೋನಿಯ."

"ಮತ್ತೆ ನಿಮ್ಮ ಹೆಂಡತಿ ಕಾಲು?"

"ಅವಳ ಕಾಲಿಗೇನು ಸಾರ್?"

ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಪಿಸ್ಟಮ್ಮ ಆಕಾಶ ನೋಡತೊಡಗಿದಳು. ಇಲ್ಲಿಗೆ ನಕ್ಕು ಎದ್ದುಹೋಗಿದ್ದರೆ ಚೆನ್ನಾಗಿತ್ತು. ಆದರೆ ಕೆಳಮನೆಯಾಕೆ ಬಿಡುವವಳೇ?

"ಹಾಗಾದ್ರೆ ನಿಮ್ಮನೆಯವರು ಎಲ್ಲಿ?"

"ಅಕ್ಕನ ಮನೆಗೆ ಹೋಗಿದ್ದಾಳೆ."

"ಯಾವಾಗ ಬರ್ತಾರೆ?"

"ಗೊತ್ತಿಲ್ಲ."

"ಹೇಳಿ ಹೋಗಲಿಲ್ವಾ?"

ರಾಯರು ಡಬ್ಬದ ಮೇಲೆ ಚೀಲವನ್ನು ಮತ್ತೆ ಹೊದಿಸಿದರು. "ಹೇಳಿದಳು," ಅಂದರು. "ಎದುರಿಗೆ ನಿಂತು ಬಹಳ ಹೊತ್ತು ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಬರ್ತಾಳೋ ಇಲ್ಲವೋ ಅನ್ನೋದೂ ಅದರಲ್ಲೇ ಇತ್ತು ಅಂತ ಕಾಣತ್ತೆ."

ಬಂದವರು ಕಾಲು ಹೋಗಿದ್ದರೆ ಹೇಳಬಹುದಾದ ಮಾತುಗಳನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬಂದಿದ್ದರು. ಇದಕ್ಕೆ ಏನು ಹೇಳಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಜವಾನ ಸಾಹೇಬರ ಕಿವಿಯಲ್ಲಿ, "ಸಾರ್, ಹಣ್ಣು ಕೊಡೋದಾ, ವಾಪಸ್ಸಾ?" ಅಂದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಬಾಗಿಲು ತಳ್ಳಿಕೊಂಡು ರಾಯರ ಹೆಂಡತಿ ನುಗ್ಗಿದಳು. ಕೂದಲು ಕೆದರಿತ್ತು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಕ್ಕನದು. ಹಿಂದೆ ಏದುಸಿರು ಬಿಡುತ್ತಾ ಅಕ್ಕ.

ನೆರೆದವರೆಲ್ಲ ಅವಳ ಕಾಲು ನೋಡಿದರು. ಅವಳು ರಾಯರ ಕಾಲು ನೋಡಿದಳು. ಎಡಗಾಲು ನೋಡಿದಳು, ಬಲಗಾಲು ನೋಡಿದಳು, ಬಗ್ಗಿ ಪೈಜಾಮದ ಮೇಲೆಯೇ ಮೊಣಕಾಲು ಮುಟ್ಟಿದಳು.

"ಇದೆಯಲ್ಲ!" ಅಂದಳು.

"ನಿಂದೂ ಇದೆ," ಅಂದರು ರಾಯರು.

ಅವಳು ಗೋಡೆಗೊರಗಿ ಉಸಿರು ಬಿಟ್ಟಳು. ಆಮೇಲೆ ಕೋಪ ಬಂತು. ಯಾರ ಮೇಲೆ ಮಾಡಬೇಕೆಂದು ಸುತ್ತ ನೋಡಿದಳು. ಸಾಹೇಬರು, "ಒಟ್ಟಿನಲ್ಲಿ ನಾಲ್ಕೂ ಕಾಲು ನೆಟ್ಟಗಿವೆ, ಬಹಳ ಸಂತೋಷ" ಎಂದು ಕೈ ಮುಗಿದು, ತಮ್ಮ ಜನರನ್ನು ಮುಂದೆ ಹಾಕಿಕೊಂಡು ಇಳಿದೇಬಿಟ್ಟರು. ಹಣ್ಣನ್ನು ಜವಾನ ಹೊಸ್ತಿಲ ಮೇಲೆ ಇಟ್ಟ. ಒಳಗೂ ಅಲ್ಲ, ಹೊರಗೂ ಅಲ್ಲ. ಅಕ್ಕ ಕೆಳಮನೆಯಾಕೆಯ ಭುಜ ಹಿಡಿದು, "ಬನ್ನಿ, ನಿಮ್ಮನೆಯಲ್ಲಿ ಒಂದು ಲೋಟ ನೀರು ಕೊಡಿ" ಎಂದು ಎಳೆದುಕೊಂಡು ಹೋದಳು.

ಹೆಂಡತಿ ಬಾಲ್ಕನಿಗೆ ಬಂದಳು. ಒಂದೊಂದೇ ಕುಂಡದಲ್ಲಿ ಬೆರಳು ಅದ್ದಿದಳು. ಅದ್ದಿದಳೆಂದೇ ಹೇಳಬೇಕು. ಬಕೆಟ್ಟನ್ನು ಓರೆ ಮಾಡಿ ತಳ ನೋಡಿ, ಮೇಣವನ್ನು ಉಗುರಿನಿಂದ ಕೆರೆದಳು. ಕಪ್ಪು ನೀರು ಬುಳಬುಳ ಇಳಿಯಿತು.

"ಗದ್ದೆ ಮಾಡಿದ್ದೀರಲ್ಲ. ಬಿಗೋನಿಯಕ್ಕೆ ನೀರು ಕಂಡ್ರೆ ಆಗೋದಿಲ್ಲ, ಮಣ್ಣು ಒಣಗಿದ ಮೇಲೆ ಅಷ್ಟಿಷ್ಟು. ಅದೂ ಎಲೆಗೆ ತಾಗಿಸದೆ. ಎಷ್ಟು ಸಲ ಹೇಳಿದ್ದೀನಿ!"

"ಅವತ್ತು ಏನು ಹೇಳಿದೆ?" ಅಂದರು ರಾಯರು. "ಭಾನುವಾರ. ನನಗೆ ಒಂದೂ ಕೇಳಿಸಿಲ್ಲ."

ಅವಳು ಬಕೆಟ್ಟು ಇಳಿಸಿದಳು. ತಿರುಗದೆಯೇ ಹೇಳಿದಳು.

"ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಯ್ತು ಅಂದೆ. ಅಕ್ಕನ ಮನೆ ಮೇಲೆ ದೊಡ್ಡ ತಾರಸಿ ಇದೆ, ಅಲ್ಲಿ ಗಿಡ ಬೆಳೆಸಿ ಮಾರ್ತೀನಿ, ಅಲ್ಲೇ ಇರ್ತೀನಿ ಅಂದೆ. ಹೂಂ ಅಂದ್ರಿ. ಗಿಡಗಳಿಗೆ ನೀರು ಹಾಕಬೇಡಿ, ಶನಿವಾರ ಬಂದು ತಗೊಂಡು ಹೋಗ್ತೀನಿ ಅಂದೆ. ಅದಕ್ಕೂ ಹೂಂ. ಆಮೇಲೆ, ಬೇಡ ಅಂತ ಒಂದು ಮಾತು ಅನ್ನಿ, ಬ್ಯಾಗ್ ಇಲ್ಲೇ ಇಳಿಸ್ತೀನಿ ಅಂದೆ. ಅಂದು ನಿಂತುಕೊಂಡೆ. ಬಹಳ ಹೊತ್ತು ನಿಂತಿದ್ದೆ. ನೀವು ಹೂಂ, ಹೂಂ ಅಂತ ಎರಡು ಸಲ ಅಂದ್ರಿ."

ರಾಯರು ಕೇಳಿದರು: "ಶನಿವಾರ ಯಾಕೆ ಬರಲಿಲ್ಲ ಮತ್ತೆ?"

"ಬಂದ್ರೆ ಗಿಡ ತಗೊಂಡು ಹೋಗಬೇಕಾಗ್ತಿತ್ತು. ಗಿಡಾನೂ ತಗೊಂಡು ಹೋದ ಮೇಲೆ ಈ ಮನೆಗೆ ಬರೋಕೆ ನೆಪ ಏನಿರತ್ತೆ?"

"ಬೇಡ," ಅಂದರು ರಾಯರು. "ಹೋಗಬೇಡ."

"ನೀರು ಬೇಕಾದಾಗ ಹಾಕಬೇಕು ರೀ," ಅಂದಳು. "ಕೊಳೆತ ಮೇಲೆ ಅಕ್ಕರೆ ತೋರಿಸಿದ್ರೆ ಗಿಡವಾದ್ರೂ ಏನು ಮಾಡೀತು? ಹಿಡೀರಿ ಈ ತೊಟ್ಟಿ. ಕೆಳಗೆ ಇಳಿಸೋಣ."

ತಂಗಿ ಮೇಲಿನಿಂದ ಕೂಗಿ ಹೇಳಿದ್ದಕ್ಕೆ ಅಕ್ಕ ಬಾಡಿಗೆ ಗಾಡಿಯೊಂದನ್ನು ತಂದು ನಿಲ್ಲಿಸಿದಳು. ರಾಯರು ಹತ್ತಿ ಇಳಿದು, ಇಳಿದು ಹತ್ತಿ, ಬದುಕಿದ್ದ ಗಿಡಗಳನ್ನೆಲ್ಲ ಹೊತ್ತು ಹಾಕಿದರು. ತಮ್ಮ ಸಂಸಾರವನ್ನು ತಾವೇ ಮೂಟೆ ಕಟ್ಟಿ ಕಳಿಸುವ ಕೆಲಸವನ್ನು ಅಷ್ಟು ಜತನದಿಂದ ಮಾಡಿದ ಗಂಡಸು ಇನ್ನೊಬ್ಬನಿರಲಾರ. ಒಂದು ಎಲೆ ಮುರಿಯಲಿಲ್ಲ. ಕೆಳಮನೆಯಾಕೆ ಕಿಟಕಿಯಿಂದ, "ಕಾಲು ಹೋಗಿಲ್ಲ ಅಂದ ಮೇಲೆ ಇವರು ಯಾಕೆ ಹೋಗ್ತಿದ್ದಾರೆ?" ಎಂದು ಕೇಳಿದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ರಾಯರು ಬೀದಿಯಲ್ಲೇ ನಿಂತಿದ್ದರು, ಕೈಗೆಲ್ಲ ಕೆಸರು.

ರಜೆಯ ಉಳಿದ ದಿನಗಳು ಹೇಗೆ ಕಳೆದವೆಂದು ಹೇಳುವಂಥದ್ದೇನಿಲ್ಲ. ಉಪ್ಪು ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂಬುದು ತಿಳಿಯಿತು. ಮುಂದಿನ ಭಾನುವಾರ ರಾಯರು ಒಂದು ಚೀಲ ದಪ್ಪ ಮರಳು ಹೊತ್ತುಕೊಂಡು, ಎರಡು ಬಸ್ಸು ಬದಲಿಸಿ, ಅಕ್ಕನ ಮನೆಯ ಬಾಗಿಲಿಗೆ ಹೋದರು. ಕುಂಡದ ಮಣ್ಣಿಗೆ ಮರಳು ಬೆರೆಸಿದರೆ ನೀರು ಸರಾಗವಾಗಿ ಇಳಿಯುತ್ತದೆಂದು ನರ್ಸರಿಯವನು ಹೇಳಿದ್ದ. ಅಕ್ಕ ಚೀಲ ಒಳಗೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಅದರ ಮುಂದಿನ ವಾರ ಮತ್ತೊಂದು ಚೀಲ. ಮರಳು ಒಂದು ಗುಡ್ಡೆಯಾಗುವವರೆಗೂ ಹೀಗೇ ನಡೆಯಿತು. ಕಡೆಗೆ ಅಕ್ಕನಿಗೇ ಸಾಕಾಗಿ, "ಮನೆ ಕಟ್ಟಿಸ್ತೀರೇನ್ರೀ? ಮೇಲೆ ಹೋಗಿ, ಅವಳನ್ನೇ ಕೇಳಿ ಎಲ್ಲಿ ಸುರೀಬೇಕು ಅಂತ" ಎಂದು ದಾರಿ ಬಿಟ್ಟಳು.

ತಾರಸಿಯ ಮೇಲೆ ಬಲೆಯ ನೆರಳಲ್ಲಿ ಸಾಲಾಗಿ ಕುಂಡಗಳಿದ್ದವು. ಹೆಂಡತಿ ಕುಕ್ಕರಗಾಲಲ್ಲಿ ಕೂತು, ಆನೆಕಿವಿ ಎಲೆಯೊಂದರ ನರಗಳನ್ನು ಅಲ್ಲಲ್ಲಿ ಗೀರಿ ಒದ್ದೆ ಮರಳಿನ ಮೇಲೆ ಮಲಗಿಸುತ್ತಿದ್ದಳು. ಗೀರಿದಲ್ಲೆಲ್ಲ ಮರಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು, ಎಷ್ಟೋ ಸಲ ಬರುವುದೂ ಇಲ್ಲ ಎಂದಳು. ರಾಯರಿಗೆ ಹೇಳಿದಳೋ, ಎಲೆಗೆ ಹೇಳಿದಳೋ. ರಾಯರು ಬಿಸಿಲಲ್ಲೇ ನಿಂತಿದ್ದರು. ಅವಳು ಕೂರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

ಮೆಟ್ಟಿಲ ಬಾಯಿಂದ ಅಕ್ಕ ಕೂಗಿ ಕೇಳಿದಳು: "ಏನೇ, ಇವರನ್ನ ಊಟಕ್ಕೆ ಬನ್ನಿ ಅನ್ನಲಾ?"

ಹೆಂಡತಿ ಎಲೆಯ ಮೇಲೆ ಚಿಕ್ಕದೊಂದು ಕಲ್ಲು ಹೇರಿ, ಕೈ ಕೊಡವಿ, ಬಹಳ ಹೊತ್ತು ಯೋಚನೆ ಮಾಡಿದಳು.

"ಟೀ ಕೊಡು," ಅಂದಳು. "ಊಟದ ವಿಷಯ ಇನ್ನೊಂದು ದಿನ ನೋಡೋಣ."